ಬ್ರೇಕ್ ಕಾಯ್ತಿದೆಯಾ, ಪ್ಯಾಡ್ ಬೇಗ ಸವೀತಿದೆಯಾ? ಮೊದಲು ಹಳೇ ಪ್ಯಾಡ್ ಬಿಚ್ಚಿ ನೋಡಿ

ಸ್ಪೋರ್ಟ್ಸ್ ಕಾರಿನ ಬ್ರೇಕಿಂದ ಹೊಗೆ ಬಂತು ಅಂದ ಕೂಡಲೇ ಜನ ದೊಡ್ಡ ಡಿಸ್ಕ್, ಆರು ಪಿಸ್ಟನ್ ಕ್ಯಾಲಿಪರ್ (ಪಿಸ್ಟನ್ನಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಅಂತ ಹುಡುಕೋಕೆ ಶುರು ಮಾಡುತ್ತಾರೆ. ಸ್ವಲ್ಪ ತಡೀರಿ. ಬಿಸಿ ನೀವು ಬ್ರೇಕ್ ಒತ್ತಿದ್ದರಿಂದ ಬಂದಿರಬಹುದು, ಇಲ್ಲವೇ ಕಾಲು ತೆಗೆದ ಮೇಲೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುವುದರಿಂದ ಬಂದಿರಬಹುದು. ಎರಡನೆಯದಾದರೆ ದೊಡ್ಡ ಬ್ರೇಕ್ ಹಾಕಿಸಿ ಸುಮ್ನೆ ದುಡ್ಡು ದಂಡ.

ಯಾವುದು ಅಂತ ಗೊತ್ತಾಗಬೇಕಾದರೆ ಬ್ರೇಕ್ ಆದಷ್ಟು ಕಡಿಮೆ ಬಳಸಿ ಸ್ವಲ್ಪ ದೂರ ಓಡಿಸಿ, ಕಾರು ತಾನಾಗೇ ನಿಧಾನವಾಗಲು ಬಿಟ್ಟು ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನಾಲ್ಕೂ ಡಿಸ್ಕ್ ನೋಡಿ. ಹೊಳೆಯುವ ಲೋಹದ ಮೇಲೆ ಈ ಮೀಟರ್ ಕಡಿಮೆ ತೋರಿಸುತ್ತದೆ, ಹಾಗಾಗಿ ಅಂಕಿಯನ್ನು ನಂಬಬೇಡಿ, ಎಡಕ್ಕೂ ಬಲಕ್ಕೂ ಒಂದೇ ಜಾಗದಲ್ಲಿ ಅಳೆದು ಹೋಲಿಸಿ. ಒಂದು ಕಡೆ ಮಾತ್ರ ಜಾಸ್ತಿ ಬಿಸಿ ಇದ್ದರೆ ಆ ಚಕ್ರ ಹಿಡಿದುಕೊಳ್ಳುತ್ತಿದೆ.

ಆರಿದ ಮೇಲೆ ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿ. ಪ್ಯಾಡ್ ತೆಗೆಯುವಾಗಲೇ ಒಳಗಿನದು ಯಾವುದು, ಹೊರಗಿನದು ಯಾವುದು ಅಂತ ಗುರುತು ಹಾಕಿಕೊಳ್ಳಿ, ಆಮೇಲೆ ನೆನಪಿರಲ್ಲ. ಒಳಬದಿಯಲ್ಲಿ ಮಾತ್ರ ಪಿಸ್ಟನ್ ಇದ್ದು ಪಿನ್ ಮೇಲೆ ಜಾರುವ, ಅಂದರೆ ತೇಲುವ ಕ್ಯಾಲಿಪರ್ ಆದರೆ ಒಳಗಿನ ಪ್ಯಾಡ್ ಮಾತ್ರ ಸವೆದಿದ್ದಾಗ ಮೊದಲ ಅನುಮಾನ ಪಿಸ್ಟನ್ ಮೇಲೆ. ಹೊರಗಿನದು ಸವೆದಿದ್ದರೆ ಅಥವಾ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳ್ಳಗಿದ್ದರೆ ಕ್ಯಾಲಿಪರ್ ಜಾರುವ ಆ ಸ್ಲೈಡ್ ಪಿನ್ ನೋಡಿ. ಪಿನ್ ಕೈಯಲ್ಲೇ ಸರಾಗವಾಗಿ ಜಾರಬೇಕು, ಒಣಗಿದ ಗ್ರೀಸ್ ಇದ್ದರೆ ಒರೆಸಿ ಬ್ರೇಕಿಗೇ ಅಂತ ಬರುವ ಗ್ರೀಸ್ ಹಚ್ಚಿ. ಎರಡೂ ಬದಿ ಪಿಸ್ಟನ್ ಇರುವ ಫಿಕ್ಸೆಡ್ ಕ್ಯಾಲಿಪರಿಗೆ ಈ ಪಿನ್ ಇರುವುದೇ ಇಲ್ಲ, ಅಲ್ಲಿ ಪ್ಯಾಡ್ ಕೂರುವ ಅಂಚಿನ ತುಕ್ಕು ಮತ್ತು ಪಿಸ್ಟನ್ ಸುತ್ತ ಸುಟ್ಟ ಡಸ್ಟ್ ಸೀಲ್ (ಧೂಳು ತಡೆಯುವ ರಬ್ಬರ್) ಹುಡುಕಿ.

ಎಲ್ಲ ಸರಿಯಿದ್ದೂ ಚಕ್ರ ಬಿಗಿಯಾಗೇ ಇದೆಯಾ? ಬಿಗಿ ಇರುವಾಗಲೇ ಬ್ಲೀಡರ್ (ಕ್ಯಾಲಿಪರಿನಿಂದ ಗಾಳಿ ತೆಗೆಯುವ ಸ್ಕ್ರೂ) ಸ್ವಲ್ಪ ಸಡಿಲಿಸಿ. ಸಣ್ಣಗೆ ಬ್ರೇಕ್ ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಲೈನಿನಲ್ಲಿ ಒತ್ತಡ ಉಳಿದಿದೆ. ಒಂದೇ ಚಕ್ರವಾದರೆ ಹೆಚ್ಚಾಗಿ ಒಳಗೆ ಊದಿಕೊಂಡ ರಬ್ಬರ್ ಹೋಸ್, ಹೊರಗಿಂದ ನೋಡಿದರೆ ಹೊಸದರ ಹಾಗೇ ಇರುತ್ತದೆ. ಎರಡು ಅಥವಾ ನಾಲ್ಕೂ ಚಕ್ರ ಹಿಡಿದರೆ ಪೆಡಲ್ ಒತ್ತಿದಾಗ ಆಯಿಲಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರಿನ ಪುಶ್‌ರಾಡಿಗೆ (ಅದನ್ನು ತಳ್ಳುವ ಕಡ್ಡಿಗೆ) ಸ್ವಲ್ಪ ಸಡಿಲ ಆಟ ಇದೆಯಾ ನೋಡಿ. ಬ್ಲೀಡರ್ ಬಿಚ್ಚಿದರೂ ಬಿಡದಿದ್ದರೆ ದೋಷ ಕ್ಯಾಲಿಪರಲ್ಲೇ, ಹಿಂದಿನ ಚಕ್ರವಾದರೆ ಹ್ಯಾಂಡ್ ಬ್ರೇಕ್ ಕೇಬಲ್ಲೂ ಇರಬಹುದು.

ನಾಲ್ಕೂ ಕಡೆ ಸಮವಾಗಿ ಸವೆದಿದ್ದರೆ ಬ್ರೇಕಿನದು ತಪ್ಪಿಲ್ಲ, ಕೆಲಸ ಜಾಸ್ತಿ ಅಷ್ಟೇ. 1400 ಕೆಜಿ ಕಾರನ್ನು 200 ಕಿಮೀ ವೇಗದಿಂದ ನಿಲ್ಲಿಸಿದರೆ ಸುಮಾರು 2.2 ಮೆಗಾಜೂಲ್ ಶಕ್ತಿ ಬಹುಪಾಲು ಡಿಸ್ಕಿಗೇ ಹೋಗುತ್ತದೆ, 100ರಿಂದ ನಿಲ್ಲಿಸುವುದಕ್ಕಿಂತ ನಾಲ್ಕು ಪಟ್ಟು. ಟ್ರ್ಯಾಕಿಗೆ ಹೋಗುವವರಾದರೆ ಟ್ರ್ಯಾಕ್ ಪ್ಯಾಡ್ ಮತ್ತು ಗಾಳಿಯ ಡಕ್ಟ್ ಮೊದಲು, ದೊಡ್ಡ ಕ್ಯಾಲಿಪರ್ ಆಮೇಲೆ. ಟ್ರ್ಯಾಕಲ್ಲಿ ಹಿಂದಿನ ಪ್ಯಾಡ್ ಮಾತ್ರ ವಿಚಿತ್ರವಾಗಿ ಬೇಗ ಮುಗಿಯುತ್ತಿದೆಯಾ? ಸ್ಟೆಬಿಲಿಟಿ ಕಂಟ್ರೋಲ್ ಮೇಲೆ ಕಣ್ಣಿಡಿ, ತಿರುವಲ್ಲಿ ನಿಮಗೆ ಗೊತ್ತಾಗದ ಹಾಗೆ ಅದು ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕುತ್ತಿರುತ್ತದೆ.

ಪೆಡಲ್ ಕೂಡ ಸುಳಿವು ಕೊಡುತ್ತದೆ. ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಮೆತ್ತಗಾಗಿ ಕೆಳಗಿಳಿದರೆ ಆಯಿಲ್ ಕುದ್ದಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯದೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಡೆಯಬೇಕು, ನೀರು ಹೀರಿಕೊಂಡ ಮೇಲೆ ಅದರ ಮಿತಿ 155, ಹಾಗಾಗಿ ಹಳೇ ಆಯಿಲ್ ಇಟ್ಟುಕೊಂಡು ಉಳಿದದ್ದನ್ನೆಲ್ಲ ಪರೀಕ್ಷೆ ಮಾಡುವುದು ವ್ಯರ್ಥ. ಬದಲಾಯಿಸಿ. ಹೊಸ ಪ್ಯಾಡ್ ಹಾಕುವ ಮುಂಚೆ ಡಿಸ್ಕಿನ ಮೇಲೆ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ಡಿಸ್ಕ್ ತೆಳ್ಳಗಾಗಿಲ್ಲ ಅಂತ ಅಳೆದುಕೊಳ್ಳಿ, ತೆಳ್ಳಗಾದ ಡಿಸ್ಕ್ ಇನ್ನೂ ಬೇಗ ಕಾಯುತ್ತದೆ.