ಚಳಿ ತಡೆಯುವ ದಾಳಿಂಬೆ ಬೇಕಾ? ಸಸಿ ಕೊಳ್ಳುವ ಮುಂಚೆ ಇಷ್ಟು ನೋಡಿ

ಮೈನಸ್ 12ರಿಂದ 14 ಡಿಗ್ರಿ ಚಳಿಗೂ ಸಾಯದ ದಾಳಿಂಬೆ ಇದೆ ಅಂದರೆ ಶಿರಾ, ಪಾವಗಡದ ಬೆಳೆಗಾರರು ನಗಬಹುದು. ಇಲ್ಲಿ ಬಿಸಿಲಿಗೆ ಸಿಪ್ಪೆ ಸುಟ್ಟುಹೋಗದ ಹಾಗೆ ಹಣ್ಣು ಮುಚ್ಚುವುದೇ ದೊಡ್ಡ ಕೆಲಸ. ಆದರೆ ಅಂಥ ತಳಿ ನಿಜವಾಗಿಯೂ ಇದೆ, ಹೆಸರು ಸಲಾವಟ್ಸ್ಕಿ. ತುರ್ಕಮೆನಿಸ್ತಾನದ ಗರ್ರಿಗಲಾ ಎಂಬಲ್ಲಿ ಗ್ರೆಗರಿ ಲೆವಿನ್ ಎಂಬ ವಿಜ್ಞಾನಿ 1100ಕ್ಕೂ ಹೆಚ್ಚು ಬಗೆಯ ದಾಳಿಂಬೆ ಗಿಡಗಳನ್ನು ಕೂಡಿಟ್ಟಿದ್ದರು. ಸಲಾವಟ್ಸ್ಕಿ ಅಲ್ಲಿಂದ ಅಮೆರಿಕಕ್ಕೆ ಹೋದದ್ದು.

ಮೊದಲು ನಿಮ್ಮೂರಿನ ಚಳಿ ಲೆಕ್ಕ ಹಾಕಿ. ತುಮಕೂರಲ್ಲಾಗಲಿ ಚಿಕ್ಕಬಳ್ಳಾಪುರದಲ್ಲಾಗಲಿ ನೀರು ಹೆಪ್ಪುಗಟ್ಟುವ ಮಾತೇ ಇಲ್ಲ, ಅಲ್ವಾ? ಹಾಗಿದ್ದಾಗ ಚಳಿ ತಡೆಯುವ ಗುಣಕ್ಕೆ ಸುಮ್ನೆ ದುಡ್ಡು ಕೊಡಬೇಡಿ. ಮಗನೋ ಮಗಳೋ ಹಿಮ ಬೀಳುವ ದೇಶದಲ್ಲಿದ್ದು ಹಿತ್ತಿಲಲ್ಲಿ ಗಿಡ ಹಾಕುತ್ತೇವೆ ಅಂದರೆ ಆಗ ಈ ತಳಿ ಹೇಳಿ.

ಆಮೇಲೆ ಹಣ್ಣು. ಇಲ್ಲೇ ಜಾಸ್ತಿ ಜನ ಎಡವುವುದು, ಸಿಪ್ಪೆಯ ಬಣ್ಣ ನೋಡಿ ತಳಿ ಒಪ್ಪಿಬಿಡುತ್ತಾರೆ. ಒಂದು ಹಣ್ಣು ತಂದು ಮುಕುಟದ ಭಾಗ ತೆಗೆದು, ಒಳಗೆ ಕಾಣುವ ಬಿಳಿ ಪೊರೆಯ ಗೆರೆಗುಂಟ ಸಿಪ್ಪೆಯನ್ನು ಮಾತ್ರ ಸೀಳಿ, ಕೈಯಲ್ಲಿ ಬಿಡಿಸಿ. ಕಾಳು ಒಡೆಯದೆ ಬರುತ್ತದೆ. ನಾಲ್ಕೈದು ಕಾಳು ಬಾಯಿಗೆ ಹಾಕಿ ರಸ ನುಂಗಿದ ಮೇಲೆ ಬೀಜ ಕಡಿಯಿರಿ. ನಮ್ಮಲ್ಲಿ ಬೆಳೆಯುವ ಭಗ್ವಾ ತಳಿಯಲ್ಲಿ ಬೀಜ ಮೆತ್ತಗೆ, ಹಾಗೇ ನುಂಗಬಹುದು. 1936ರಲ್ಲಿ ಪುಣೆಯಲ್ಲಿ ಆಯ್ದ ಗಣೇಶ್ ತಳಿಯದೂ ಮೆತ್ತನೆಯ ಬೀಜವೇ, ಕಾಳು ಮಾತ್ರ ತಿಳಿ ಗುಲಾಬಿ. ಸಲಾವಟ್ಸ್ಕಿಯಲ್ಲಿ ಹಣ್ಣು ದೊಡ್ಡದು, ರುಚಿ ಹುಳಿ ಸಿಹಿ, ಆದರೆ ಬೀಜ ಗಟ್ಟಿ, ಹಲ್ಲಿಗೆ ಸಿಗುತ್ತದೆ. ನನ್ನ ಪ್ರಕಾರ ಅದು ಜ್ಯೂಸಿಗೆ ಒಳ್ಳೆಯದು, ತಟ್ಟೆಗೆ ಹಾಕಿ ಮಕ್ಕಳಿಗೆ ಕೊಡಲು ನಮ್ಮ ಭಗ್ವಾನೇ ಸರಿ.

ಮೂರನೆಯದು ಸಸಿ. ಬೀಜದಿಂದ ಎದ್ದ ಗಿಡ ತಾಯಿಯ ಹಾಗೇ ಹಣ್ಣು ಕೊಡುತ್ತದೆ ಅನ್ನುವ ಭರವಸೆ ಇಲ್ಲ, ಹಾಗಾಗಿ ಗೂಟಿ ಸಸಿಯನ್ನೋ (ಗಿಡದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿ ಕತ್ತರಿಸಿದ್ದು) ಕಡ್ಡಿಯಿಂದ ಬೇರು ಬಿಡಿಸಿದ್ದನ್ನೋ ಕೇಳಿ. ಚಳಿ ದೇಶದಲ್ಲಿ ಇನ್ನೊಂದು ಲಾಭ: ಮೇಲಿನ ಕೊಂಬೆ ಹಿಮಕ್ಕೆ ಸತ್ತರೂ ಬುಡದಿಂದ ಅದೇ ತಳಿ ಚಿಗುರುತ್ತದೆ. ಅಲ್ಲಿ ಚಳಿಗಾಲ ಕಳೆದ ಮೇಲೆ, ಗೋಡೆಯ ಬಿಸಿ ತಾಗುವ ಬಿಸಿಲಿನ ಜಾಗದಲ್ಲಿ ನೆಡಬೇಕು. ಮೊದಲ ಕೆಲವು ವರ್ಷ ಬುಡಕ್ಕೆ ಒಣ ಎಲೆ ಮುಚ್ಚಬೇಕು, ಎಳೆ ಗಿಡಕ್ಕೆ ಚಳಿ ತಡೆಯುವ ತಾಕತ್ತು ಇರುವುದಿಲ್ಲ.

ನಮ್ಮಲ್ಲಿ ನೆಡುವವರು ಚಳಿಗಿಂತ ಮಳೆಗೆ ಹೆದರಬೇಕು. ಗಾಳಿ ಮಳೆ ಸೇರಿದರೆ ದುಂಡಾಣು ಅಂಗಮಾರಿ ಎಂಬ ರೋಗ ಬರುತ್ತದೆ, ಸಿಪ್ಪೆ ಮೇಲೆ ಎಣ್ಣೆ ಚುಕ್ಕೆಯಂತೆ ಕಲೆ ಬಿದ್ದು ಹಣ್ಣು ಸೀಳುತ್ತದೆ. ಆದ್ದರಿಂದ ರೋಗ ಇಲ್ಲದ ತೋಟದ ಸಸಿಯೇ ಬೇಕು. ನೀರು ಒಂದೇ ಸಮ ಕೊಡಿ. ಒಣಗಿಸಿ ಆಮೇಲೆ ಒಟ್ಟಿಗೆ ನೀರು ಹರಿಸಿದರೂ ಹಣ್ಣು ಬಿರಿಯುತ್ತದೆ.

ಕೊಯ್ಲಿಗೆ ಆತುರ ಬೇಡ. ಭಗ್ವಾ ಹೂ ಬಿಟ್ಟ ಮೇಲೆ ಸುಮಾರು 6 ತಿಂಗಳು ಬೇಕು. ಕಿತ್ತ ಮೇಲೆ ದಾಳಿಂಬೆ ಮಾಗುವುದಿಲ್ಲ. ಹಣ್ಣಿನ ಪಕ್ಕಗಳು ಸ್ವಲ್ಪ ಚಪ್ಪಟೆಯಾಗಿ, ಬೆರಳಿಂದ ತಟ್ಟಿದರೆ ಲೋಹದಂಥ ಸದ್ದು ಬಂದಾಗ ಕತ್ತರಿಯಿಂದ ತೊಟ್ಟು ಕತ್ತರಿಸಿ. ಎಳೆದು ಕೀಳಬೇಡಿ.