ಕಾಲೇಜಿನ ಕರೆಂಟ್ ಬಿಲ್ಲಿನಿಂದ ಕಚೇರಿ ಕೆಲಸ ಕಲಿಯುವ ಬಗೆ

ಪದವಿಯ ಎಲ್ಲ ವಿಭಾಗಗಳಿಗೂ ಪರಿಸರ ಅಧ್ಯಯನ ಕಡ್ಡಾಯವಾಗಿ ಎರಡು ದಶಕ ದಾಟಿದ್ದರೂ, ಬಹುಪಾಲು ವಿದ್ಯಾರ್ಥಿಗಳಿಗೆ ಅದು ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸ್ ಓದಿ ಮುಗಿಸುವ ಪತ್ರಿಕೆಯಾಗಿಯೇ ಉಳಿದಿದೆ. ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ಓದುತ್ತಿರುವ ನಾಲ್ಕೈದು ಮಂದಿ ಸೇರಿ ತಮ್ಮ ಕಾಲೇಜಿನ ವಿದ್ಯುತ್ ಬಳಕೆಯನ್ನು ಅಳೆದರೆ, ಆ ಪತ್ರಿಕೆಯ ಜೊತೆಗೆ ಕಚೇರಿಗಳು ನಿರೀಕ್ಷಿಸುವ ಕೆಲಸವನ್ನೂ ಕಲಿಯಬಹುದು.

ಮೊದಲು ಪ್ರಾಂಶುಪಾಲರಿಗೆ ಅರ್ಜಿ ಬರೆಯಿರಿ. ಯಾವ ಕಟ್ಟಡ, ಎಷ್ಟು ವಾರ, ಯಾವ ದಾಖಲೆ ಎಂಬ ಮೂರೂ ಒಂದೇ ಪುಟದಲ್ಲಿರಲಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನಕ್ಕೆ ಇಂಥ ಇಂಧನ ಪರಿಶೋಧನೆಯ (ಎನರ್ಜಿ ಆಡಿಟ್) ದಾಖಲೆ ಉಪಯುಕ್ತವೆಂಬುದನ್ನು ಸೇರಿಸಿದರೆ ಅರ್ಜಿ ಮೇಜಿನ ಮೇಲೆ ಹೆಚ್ಚು ದಿನ ಕೂರುವುದಿಲ್ಲ.

ಅನುಮತಿ ಸಿಕ್ಕ ಮೇಲೆ ಕಾಲೇಜಿನ ಕಚೇರಿಯಿಂದ ಹನ್ನೆರಡು ತಿಂಗಳ ಚೆಸ್ಕಾಂ (ಈ ಭಾಗದ ವಿದ್ಯುತ್ ಸರಬರಾಜು ಕಂಪನಿ) ಬಿಲ್ಲುಗಳನ್ನು ಪಡೆದು, ಆರ್‌ಆರ್ ಸಂಖ್ಯೆ (ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ), ಯೂನಿಟ್, ನಿಗದಿತ ಶುಲ್ಕ, ಬಳಕೆ ಶುಲ್ಕ ಇಷ್ಟನ್ನೂ ಎಕ್ಸೆಲ್‌ನಲ್ಲಿ ಬೇರೆ ಬೇರೆ ಕಾಲಂಗಳಲ್ಲಿ ತುಂಬಿ. ಯೂನಿಟ್ ಉಳಿಸಿದರೂ ನಿಗದಿತ ಶುಲ್ಕ ತಾನಾಗಿ ಇಳಿಯದ ಕಾರಣ, ಎರಡೂ ಶುಲ್ಕಗಳನ್ನು ಕೂಡಿಸಿ ಲೆಕ್ಕ ಹಾಕಿದವರ ಉಳಿತಾಯದ ಅಂದಾಜು ತಪ್ಪುತ್ತದೆ. ಬಿಲ್ಲುಗಳಲ್ಲಿ ರಜೆಯ ತಿಂಗಳದ್ದನ್ನು ಹೆಚ್ಚು ಗಮನಿಸಿ, ಏಕೆಂದರೆ ತರಗತಿಯೇ ಇಲ್ಲದಾಗ ಓಡಿದ ಯೂನಿಟ್ ಎಲ್ಲಿಗೆ ಹೋಯಿತೆಂದು ಹುಡುಕಿದರೆ ಸದಾ ಆನ್ ಇರುವ ಯುಪಿಎಸ್, ಖಾಲಿ ಫ್ರಿಜ್, ಮರೆತ ವರಾಂಡದ ದೀಪಗಳು ಒಂದೊಂದಾಗಿ ಸಿಗುತ್ತವೆ. ಸಂಜೆ ಬೀಗ ಹಾಕಿದಾಗಲೂ ಬೆಳಿಗ್ಗೆ ತೆರೆದಾಗಲೂ ಮೀಟರ್ ಓದಿದರೆ ರಾತ್ರಿಯ ಬಳಕೆ ತಿಳಿಯುತ್ತದೆ. ಈ ಹಂತದಲ್ಲಿ ಕಾಲೇಜಿನ ಎಲೆಕ್ಟ್ರಿಷಿಯನ್ ಅವರನ್ನು ಗೌರವದಿಂದ ಕೇಳಿ. ಯಾವ ಸ್ವಿಚ್ಚು ಯಾವ ಕೋಣೆಯದೆಂದು ಅವರಿಗೆ ಗೊತ್ತಿರುವಷ್ಟು ನಕ್ಷೆಗೂ ಗೊತ್ತಿರುವುದಿಲ್ಲ.

ಮುಂದಿನದು ಲೆಕ್ಕ. ಸಾವಿರ ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. 75 ವ್ಯಾಟಿನ 80 ಫ್ಯಾನುಗಳು ದಿನಕ್ಕೆ 6 ಗಂಟೆ ತಿರುಗಿದರೆ 36 ಯೂನಿಟ್ ಆಗುತ್ತದೆ. ಅವುಗಳ ಜಾಗಕ್ಕೆ 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ವಿದ್ಯುತ್ ಎಳೆಯುವ ಮೋಟಾರಿನ) ಫ್ಯಾನು ಬಂದರೆ 14.4 ಯೂನಿಟ್, 200 ದಿನಗಳಲ್ಲಿ ಉಳಿಯುವುದು 4,320 ಯೂನಿಟ್. ದೇಶದ ವಿದ್ಯುತ್ ಜಾಲದಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, ಇದು ಮೂರು ಟನ್ನಿನಷ್ಟಾಗುತ್ತದೆ. ಆದರೂ ಹೊಸ ಫ್ಯಾನನ್ನು ಮೊದಲ ಸಲಹೆಯಾಗಿ ಬರೆಯಬೇಡಿ. ಖಾಲಿ ಕೋಣೆಯ ಫ್ಯಾನು ನಿಲ್ಲಿಸಲು ಯಾವ ಖರ್ಚೂ ಇಲ್ಲ. ಖರ್ಚಿನ ಸಲಹೆ ಕೊಡುವುದಾದರೆ ಮೂರು ಅಂಗಡಿಗಳ ಕೊಟೇಷನ್ ಲಗತ್ತಿಸಿ.

ನೀರನ್ನೂ ಹೀಗೆಯೇ ಅಳೆಯಬಹುದು. ನಾಲೆಗೆ ನೀರು ಬಿಟ್ಟ ದಿನ, ನಿಲ್ಲಿಸಿದ ದಿನ ಎರಡನ್ನೂ ಬಾಯಿಪಾಠ ಹೇಳುವ ನಮ್ಮ ಕಡೆಯವರು ಸೋರುವ ನಲ್ಲಿಯ ಮುಂದೆ ಸುಮ್ಮನೆ ಹಾದುಹೋಗುತ್ತಾರೆ. ಒಂದು ಲೀಟರಿನ ಬಾಟಲಿ 20 ನಿಮಿಷದಲ್ಲಿ ತುಂಬಿದರೆ ಆ ನಲ್ಲಿ ದಿನಕ್ಕೆ 72 ಲೀಟರ್ ಪೋಲು ಮಾಡುತ್ತಿದೆ.

ವರದಿ ಎರಡು ಪುಟ ಮೀರದಿರಲಿ, ಮೊದಲ ಪುಟದಲ್ಲೇ ಸಲಹೆ ಮತ್ತು ಖರ್ಚು ಇರಲಿ. ಅದನ್ನು ಪ್ರಾಂಶುಪಾಲರ ಮುಂದೆ ಹತ್ತು ನಿಮಿಷದಲ್ಲಿ ಮಂಡಿಸಿ, ಸಭೆಯಲ್ಲಿ ಒಪ್ಪಿದ್ದನ್ನೂ ಒಪ್ಪದ್ದನ್ನೂ ಅಂದೇ ನಡಾವಳಿಯಾಗಿ ಬರೆದು ಎಲ್ಲರಿಗೂ ಇಮೇಲ್ ಮಾಡಿ. ಮುಂದಿನ ಮೂರು ತಿಂಗಳ ಬಿಲ್ಲುಗಳನ್ನು ಹಿಂದಿನ ವರ್ಷದ ಅದೇ ತಿಂಗಳುಗಳ ಬಿಲ್ಲಿನೊಂದಿಗೆ ಹೋಲಿಸಿ. ರೆಸ್ಯೂಮೆಯಲ್ಲಿ ‘ಪರಿಸರದಲ್ಲಿ ಆಸಕ್ತಿ’ ಎಂದು ಬರೆಯುವ ಜಾಗದಲ್ಲಿ ಎಷ್ಟು ಯೂನಿಟ್ ಇಳಿಯಿತು, ತಂಡದಲ್ಲಿ ನಿಮ್ಮ ಪಾಲಿನ ಕೆಲಸ ಯಾವುದು ಎಂಬುದನ್ನು ಬರೆಯಿರಿ. ಇಳಿಯದಿದ್ದರೆ ಏಕೆ ಇಳಿಯಲಿಲ್ಲವೆಂಬ ಉತ್ತರವನ್ನು ಸಂದರ್ಶನಕ್ಕೆ ಸಿದ್ಧವಾಗಿಟ್ಟುಕೊಳ್ಳಿ.