ಖಣದ ಬುಟ್ಟಾ ಎಷ್ಟು ದೂರದಿಂದ ಕಾಣುತ್ತದೆ? ಪರದೆಯ ಮೇಲೆ ಅಳೆದ ಬಗೆ

ಗುಳೇದಗುಡ್ಡದ ಖಣಕ್ಕೆ (ಕುಪ್ಪಸದ ಬಟ್ಟೆಗೆ) ಕಂಪ್ಯೂಟರಿನಲ್ಲಿ ಬಿಡಿಸಿದ ಬುಟ್ಟಾ, ಅಂದರೆ ನೇಯ್ಗೆಯ ಸಣ್ಣ ಹೂವು, ಪರದೆಯಲ್ಲಿ ಎದ್ದು ಕಾಣುತ್ತದೆ. ಅದೇ ಬಟ್ಟೆಗಿಳಿದರೆ ನಾಲ್ಕು ಹೆಜ್ಜೆ ದೂರಕ್ಕೇ ಮಾಯ. ನೂಲಿನ ಬಣ್ಣ ಬದಲಿಸುವ ಮುಂಚೆ ಕಣ್ಣನ್ನೇ ಅಳೆಯಬೇಕು. ಅದಕ್ಕೆ ನಾನು ಬಳಸಿದ್ದು ಕ್ಯಾಂಬೆಲ್–ರಾಬ್ಸನ್ ಪಟ್ಟಿಚಿತ್ರ: ಎಷ್ಟು ಸಣ್ಣ, ಎಷ್ಟು ಮೆಲ್ಲನೆಯ ಪಟ್ಟಿ ಕಣ್ಣಿಗೆ ಕಾಣುತ್ತದೆಂದು ತೋರಿಸುವ ಚಿತ್ರ.

ಚಿತ್ರ 1200×800 ಪಿಕ್ಸೆಲ್. ಒಂದು ಕಪ್ಪು, ಒಂದು ಬಿಳಿ ಪಟ್ಟಿ ಸೇರಿದರೆ ಒಂದು ಜೋಡಿ. ಎಡತುದಿಯಲ್ಲಿ ಜೋಡಿಯ ಅಗಲ 192 ಪಿಕ್ಸೆಲ್. ಬಲಕ್ಕೆ ಪ್ರತಿ 200 ಪಿಕ್ಸೆಲಿಗೆ ಅರ್ಧವಾಗುತ್ತ ಕೊನೆಗೆ 3. ಕೆಳಗೆ ಪೂರ್ತಿ ಕಾಂಟ್ರಾಸ್ಟ್ (ಕಪ್ಪು-ಬಿಳಿಯ ಬೆಳಕಿನ ಅಂತರ). ಮೇಲಕ್ಕೆ ಪ್ರತಿ 100 ಪಿಕ್ಸೆಲಿಗೆ ಅರ್ಧ. ಅಂಚು ಚೂಪಾಗಿರದೆ ಸೈನ್ ಅಲೆಯಂತೆ ಕರಗಬೇಕು.

ಎಲ್ಲರೂ ಎಡವುವುದು ಗಾಮಾದಲ್ಲಿ, ಅಂದರೆ ಪಿಕ್ಸೆಲಿನ ಅಂಕಿಯನ್ನು (0ರಿಂದ 255) ಪರದೆ ಬೆಳಕಾಗಿಸುವ ಲೆಕ್ಕದಲ್ಲಿ. ಪರದೆಯ ಗಾಮಾ 2.2 ಇದ್ದರೆ ಅರ್ಧ ಬೆಳಕಿನ ಬೂದಿಬಣ್ಣ 128 ಅಲ್ಲ, 186. ಒಂದೊಂದೇ ಪಿಕ್ಸೆಲ್ ದಪ್ಪದ ಅಡ್ಡಗೆರೆಗಳನ್ನು ಕಪ್ಪು-ಬಿಳಿಯಾಗಿ ಹಾಕಿ, ಪಕ್ಕದಲ್ಲಿ 186ರ ಚೌಕವಿಟ್ಟು ದೂರದಿಂದ ನೋಡಿ. ಎರಡೂ ಒಂದೇ ಕಂಡರೆ ಸರಿ. ಇನ್ನೊಂದು ತೊಡಕು: 186ರ ಹತ್ತಿರ ಒಂದು ಹಂತವೆಂದರೆ ಬೆಳಕಿನಲ್ಲಿ ಸುಮಾರು ಶೇ 1.2. ಅದಕ್ಕಿಂತ ಮೆಲ್ಲನೆಯ ಪಟ್ಟಿ ಮೂಡಬೇಕಾದರೆ ಅಂಕಿಯನ್ನು ಪೂರ್ಣಾಂಕಕ್ಕೆ ತರುವ ಮುಂಚೆ ಒಂದು ಹಂತದಷ್ಟು ಯಾದೃಚ್ಛಿಕ ಏರಿಳಿತ ಬೆರೆಸಬೇಕು. ಪ್ರಿಂಟ್ ತೆಗೆಯುವ ಗೋಜು ಬೇಡ, ಪ್ರಿಂಟರಿನ ಚುಕ್ಕಿಗಳೇ ಸಣ್ಣ ಪಟ್ಟಿಗಳನ್ನು ನುಂಗುತ್ತವೆ.

57 ಸೆಂ.ಮೀ. ದೂರದಲ್ಲಿ ಕೂತರೆ ಪರದೆಯ 1 ಸೆಂ.ಮೀ. ಕಣ್ಣಿಗೆ 1 ಡಿಗ್ರಿ ಕೋನ. 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಅದು 36 ಪಿಕ್ಸೆಲ್. ಪಟ್ಟಿಗಳು ಕಾಣುವ ಗಡಿ ಗುಡ್ಡದಾಕಾರವಾಗಿ ಮೂಡುತ್ತದೆ. ಅದರ ನೆತ್ತಿ, ಅಂದರೆ ಅತಿ ಮೆಲ್ಲನೆಯ ಪಟ್ಟಿಯೂ ಕಾಣುವ ಜಾಗ, ಡಿಗ್ರಿಗೆ ಸುಮಾರು 4 ಜೋಡಿಯ ಆಸುಪಾಸು. ಆ ಗುಡ್ಡ ಚಿತ್ರದಲ್ಲಿಲ್ಲ, ಕಣ್ಣಿನಲ್ಲಿದೆ: 114 ಸೆಂ.ಮೀ.ಗೆ ಸರಿದರೆ ನೆತ್ತಿ 200 ಪಿಕ್ಸೆಲಿನಷ್ಟು ಎಡಕ್ಕೆ ಜರುಗುತ್ತದೆ. ತೀರ ಅಗಲವಾದ ಮೆಲುಛಾಯೆಯೂ ಕಾಣದೆಂಬುದು ಎಡ ಇಳಿಜಾರಿನ ಪಾಠ. ಮೆಲ್ಲಗೆ ಬದಲಾಗುವ ಛಾಯೆಯನ್ನು ಇಡೀ ಕುಪ್ಪಸದ ತುಂಬ ಹರಡಿದರೆ ದುಡಿಮೆ ದಂಡ.

ಬಟ್ಟೆಯ ಲೆಕ್ಕ ಇಲ್ಲಿಂದಲೇ. 3 ಮೀಟರಿನಲ್ಲಿ 1 ಡಿಗ್ರಿ ಎಂದರೆ 5.2 ಸೆಂ.ಮೀ.; ಅದರಲ್ಲಿ 4 ಜೋಡಿ ಕೂರಬೇಕು, ಹಾಗಾಗಿ 13 ಮಿ.ಮೀ.ಗೊಂದರಂತೆ ಬರುವ ಬುಟ್ಟಾ ಮೆಲುಬಣ್ಣದಲ್ಲೂ ಕಾಣುತ್ತದೆ. 2.5 ಮಿ.ಮೀ.ಗೊಂದಾದರೆ ಡಿಗ್ರಿಗೆ 21 ಜೋಡಿ. ನೆಲಕ್ಕೂ ಹೂವಿಗೂ ಬೆಳಕಿನಲ್ಲೇ ದೊಡ್ಡ ಅಂತರ ಬೇಕು. ಬರೀ ಬಣ್ಣದ ಅಂತರ ನೆಚ್ಚಬೇಡಿ: ಒಂದೇ ಬೆಳಕಿನ ಕೆಂಪು-ಹಸಿರು ಡಿಗ್ರಿಗೆ ಸುಮಾರು 10–12 ಜೋಡಿ ದಾಟಿದರೆ ಕಲೆತುಹೋಗುತ್ತವೆ. ಹಾಸು-ಹೊಕ್ಕಿನ ನೂಲನ್ನು ಅಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದರೆ ಬೆಳಕಿನ ಅಂತರ ಎಷ್ಟೆಂದು ಗೊತ್ತಾಗುತ್ತದೆ. ಮಂದ ದೀಪದಡಿಯೂ ನೋಡಿ; ಅಲ್ಲಿ ಮೊದಲು ಹೋಗುವುದು ಸಣ್ಣ ಕುಸುರಿಯೇ.